ನೋವು, ಮದ್ದು, ಮರಣ: ಅಮೆರಿಕದ ಐದು ಅಫೀಮು-ವೃತ್ತಾಂತಗಳ ವಿಮರ್ಶೆ

೧

ಕನ್ನಡದಲ್ಲಿ 'ಮದ್ದು' ಎಂಬ ಮಾತಿಗೆ ಮೂರು ಅರ್ಥಗಳುಂಟು. ರೋಗವನ್ನು ಕಳೆಯುವುದು ಮದ್ದು. ಆಗದವರ ಅನ್ನದಲ್ಲಿ ಬೆರೆಸಿ ಹಾಕುವ ವಿಷವೂ ಮದ್ದು. ಕೋವಿಗೆ ತುಂಬುವ ಪುಡಿಯೂ ಮದ್ದು. ಪದಾರ್ಥದ ಗುಣವು ಪದಾರ್ಥದಲ್ಲಿ ಮಾತ್ರವೇ ಇರದೆ, ಅದರ ಪ್ರಮಾಣದಲ್ಲಿಯೂ ಕೊಡುವ ಕೈಯಲ್ಲಿಯೂ ಇರುತ್ತದೆಂಬ ತಿಳಿವಳಿಕೆ ಈ ಒಂದು ಮಾತಿನಲ್ಲಿ ಅಡಗಿದೆ. ನಮ್ಮ ಅಡಿಗೆಮನೆಗೆ ಗಸಗಸೆಯಾಗಿ ಬಂದು ಪಾಯಸವಾಗುವ ಬೀಜವನ್ನು ಕೊಡುವ ಗಿಡವೇ ಅಫೀಮಿನ ಗಿಡ. ಅದರ ಕಾಯಿಯ ಹಾಲಿನಿಂದ ಹತ್ತೊಂಬತ್ತನೆಯ ಶತಮಾನದ ಆರಂಭದಲ್ಲಿ ಜರ್ಮನಿಯ ಸೆರ್ಟ್ಯುರ್ನರ್ ಎಂಬಾತನು ಮಾರ್ಫಿನನ್ನು ಬೇರ್ಪಡಿಸಿದನು. ಆ ಶತಮಾನದ ಅಂತ್ಯದಲ್ಲಿ, ೧೮೯೮ರಲ್ಲಿ, ಬೇಯರ್ ಕಂಪನಿಯು ಹೆರಾಯಿನನ್ನು ಕೆಮ್ಮಿನ ಮದ್ದೆಂದು ಮಾರುಕಟ್ಟೆಗೆ ತಂದಿತು. ೧೯೬೦ರ ಸುಮಾರಿನಲ್ಲಿ ಬೆಲ್ಜಿಯಮಿನ ಪಾಲ್ ಯಾನ್ಸೆನ್ ಎಂಬ ವೈದ್ಯವಿಜ್ಞಾನಿ ಗಿಡದ ಹಂಗೇ ಇಲ್ಲದೆ ಪ್ರಯೋಗಶಾಲೆಯಲ್ಲಿ ಫೆಂಟನಿಲನ್ನು ಸಂಶ್ಲೇಷಿಸಿದನು. ಇದರ ಬಲ ಮಾರ್ಫಿನಿನ ಬಲಕ್ಕಿಂತ ಐವತ್ತರಿಂದ ನೂರು ಮಡಿ ಹೆಚ್ಚು. ಶಸ್ತ್ರಚಿಕಿತ್ಸೆಯ ಕೋಣೆಯಲ್ಲಿ ಇಂದಿಗೂ ಇದು ಬೆಲೆಯುಳ್ಳ ಮದ್ದು. ಬೀದಿಯಲ್ಲಿ ಎರಡು ಮಿಲಿಗ್ರಾಂ ಮಾತ್ರವೇ ಅಭ್ಯಾಸವಿಲ್ಲದವನ ಪ್ರಾಣ ತೆಗೆಯಬಲ್ಲ ವಿಷ.

ಈ ವರ್ಗದ ಮದ್ದುಗಳಿಂದ ಅಮೆರಿಕದಲ್ಲಿ ಉಂಟಾಗಿರುವ ಜನನಾಶವು ಲೋಕವಿದಿತವಾಗಿದೆ. ಎಲ್ಲ ಬಗೆಯ ಮಾದಕಗಳ ಮಿತಿಮೀರಿದ ಸೇವನೆಯಿಂದ ಅಲ್ಲಿ ೧೯೯೯ರಲ್ಲಿ ಸತ್ತವರು ಸುಮಾರು ೧೭,೦೦೦ ಮಂದಿ; ೨೦೨೨ರಲ್ಲಿ ಸುಮಾರು ೧,೦೮,೦೦೦. ಇವರಲ್ಲಿ ಸುಮಾರು ೭೪,೦೦೦ ಮರಣಗಳಿಗೆ ಫೆಂಟನಿಲನ್ನೊಳಗೊಂಡ ಸಂಶ್ಲೇಷಿತ ಮದ್ದುಗಳು ಕಾರಣವಾಗಿದ್ದುವು. ಈ ಅನಾಹುತವನ್ನು ಮೂರು ಅಲೆಗಳಾಗಿ ವಿಂಗಡಿಸುವುದು ವಾಡಿಕೆ: ೧೯೯೦ರ ದಶಕದಲ್ಲಿ ವೈದ್ಯರ ಚೀಟಿಯಿಂದ ದೊರೆತ ಮಾತ್ರೆಗಳದು ಮೊದಲನೆಯದು; ೨೦೧೦ರಿಂದ ಈಚೆಗೆ ಹೆರಾಯಿನಿನದು ಎರಡನೆಯದು; ೨೦೧೩ರಿಂದ ಈಚೆಗೆ ಸಂಶ್ಲೇಷಿತ ಫೆಂಟನಿಲಿನದು ಮೂರನೆಯದು.

ಇದು ವೈದ್ಯರೂ ನ್ಯಾಯವೇತ್ತರೂ ಯೋಚಿಸತಕ್ಕ ವಿಷಯವಲ್ಲವೆ, ಸಾಹಿತ್ಯ ವಿಭಾಗದ ಸಂಚಿಕೆಯಲ್ಲಿ ಇದರ ಪ್ರಸ್ತಾಪವೇಕೆ ಎಂದು ವಾಚಕರು ಕೇಳಬಹುದು. ಇದಕ್ಕೆ ಎರಡು ಸಮಾಧಾನಗಳನ್ನು ಹೇಳುತ್ತೇವೆ. ಒಂದು, ಈ ಅನಾಹುತವು ಕಳೆದ ಹತ್ತು ವರ್ಷಗಳಲ್ಲಿ ಇಂಗ್ಲಿಷಿನಲ್ಲಿ ಗಣನೀಯವಾದ ಗದ್ಯಸಾಹಿತ್ಯವನ್ನು ಹುಟ್ಟಿಸಿದೆ. ಅದನ್ನು ಸಾಹಿತ್ಯವೆಂದೇ ಪರಿಶೀಲಿಸುವ ಕಾರ್ಯ ನಮ್ಮಲ್ಲಿ ನಡೆದಿಲ್ಲ. ಇನ್ನೊಂದು, ಒಂದು ವಿಪತ್ತನ್ನು ಜನರು ಯಾವ ಬಗೆಯ ಕಥೆಯಾಗಿ ಹೇಳಿಕೊಳ್ಳುತ್ತಾರೋ ಅದಕ್ಕೆ ಅನುಗುಣವಾದ ಪರಿಹಾರವನ್ನೇ ಹುಡುಕುತ್ತಾರೆ. ಖಳನುಳ್ಳ ಕಥೆಗೆ ದಂಡನೆಯಲ್ಲಿ ಮುಕ್ತಾಯ. ಶತ್ರುವುಳ್ಳ ಕಥೆಗೆ ಯುದ್ಧದಲ್ಲಿ. ರೋಗಿಯುಳ್ಳ ಕಥೆಗೆ ಆರೈಕೆಯಲ್ಲಿ. ಹೀಗಿರುವಲ್ಲಿ ಕಥೆಯ ಕಟ್ಟು ಸರಿಯೋ ತಪ್ಪೋ ಎಂಬ ವಿಮರ್ಶಕನ ಪ್ರಶ್ನೆಯು ಜೀವಮರಣಗಳ ಪ್ರಶ್ನೆಯೂ ಆಗುತ್ತದೆ. ಪ್ರಕೃತ ಲೇಖನದಲ್ಲಿ ಐದು ಗ್ರಂಥಗಳನ್ನು ಈ ದೃಷ್ಟಿಯಿಂದ ನೋಡಲು ಯತ್ನಿಸಿದ್ದೇವೆ.

೨

ಕಾಲಕ್ರಮದಲ್ಲಿ ಮೊದಲನೆಯದು ಪತ್ರಿಕೋದ್ಯೋಗಿ ಸ್ಯಾಮ್ ಕಿನ್ಯೋನೆಸ್ ಬರೆದ 'ಡ್ರೀಮ್‌ಲ್ಯಾಂಡ್' (೨೦೧೫). ಓಹಾಯೊ ಸಂಸ್ಥಾನದ ಪೋರ್ಟ್ಸ್‌ಮತ್ ಎಂಬ ಊರಿನಲ್ಲಿ ೧೯೨೯ರಿಂದ ೧೯೯೩ರ ವರೆಗೆ ಇದ್ದ ವಿಶಾಲವಾದ ಈಜುಕೊಳದ ಹೆಸರು ಇದು. ಕಾರ್ಖಾನೆಗಳು ಮುಚ್ಚಿದುವು, ಕೊಳವೂ ಮುಚ್ಚಿತು, ಊರಿನವರು ಒಂದೆಡೆ ಕೂಡುವ ಸ್ಥಳವೇ ಇಲ್ಲವಾಯಿತು. ಆ ಬರಿದಾದ ಊರಿಗೆ ಮಾತ್ರೆಗಳ ಅಂಗಡಿಗಳಂತಿದ್ದ ಚಿಕಿತ್ಸಾಲಯಗಳು ಬಂದುವು. ಇದು ಒಂದು ಎಳೆ. ಮೆಕ್ಸಿಕೋ ದೇಶದ ನಯಾರಿತ್ ಪ್ರಾಂತದ ಹಲಿಸ್ಕೊ ಎಂಬ ಕಬ್ಬು ಬೆಳೆಯುವ ಊರಿನ ತರುಣರು ಅಮೆರಿಕದ ನಡುತರದ ನಗರಗಳಿಗೆ ಬಂದು, ದೂರವಾಣಿಯಲ್ಲಿ ಕರೆದವರ ಬಳಿಗೆ ಕಾರಿನಲ್ಲಿ ಹೋಗಿ, ಬಂದೂಕಿಲ್ಲದೆ ಗಲಭೆಯಿಲ್ಲದೆ ಹೆರಾಯಿನನ್ನು ಒಪ್ಪಿಸಿ ಬರುತ್ತಿದ್ದುದು ಇನ್ನೊಂದು ಎಳೆ. ಇವೆರಡನ್ನೂ ಚಿಕ್ಕ ಚಿಕ್ಕ ಅಧ್ಯಾಯಗಳಲ್ಲಿ ಹೆಣೆದುಕೊಂಡು ಹೋಗುವ ಈ ಗ್ರಂಥದ ರಚನೆಯೇ ಒಂದು ವಾದವಾಗಿದೆ. ಒಂದು ಊರಿನ ಬಡತನ ಮತ್ತೊಂದು ಊರಿನ ಬರಿದುತನವನ್ನು ಹುಡುಕಿಕೊಂಡು ಬಂದಿತೆಂಬುದು ಆ ವಾದ. ಮಾರಿದವನನ್ನು ರಾಕ್ಷಸನನ್ನಾಗಿ ಚಿತ್ರಿಸದೆ, ಊರಿನಲ್ಲಿ ಮನೆ ಕಟ್ಟಿಸಬೇಕೆಂಬ ಆಸೆಯಿಂದ ಹೊರಟ ಹುಡುಗನನ್ನಾಗಿ ಕಾಣಿಸಿರುವುದರಲ್ಲಿ ಲೇಖಕನ ಸಹಾನುಭೂತಿ ವ್ಯಕ್ತವಾಗುತ್ತದೆ.

ಆದರೆ ಈ ಗ್ರಂಥದಲ್ಲಿ ನಮ್ಮ ಗಮನವನ್ನು ಬಹುವಾಗಿ ಸೆಳೆಯುವುದು ಬೇರೊಂದು ವೃತ್ತಾಂತ. ಅದು ಒಂದು ಪತ್ರದ ಕಥೆ. ೧೯೮೦ರಲ್ಲಿ 'ನ್ಯೂ ಇಂಗ್ಲೆಂಡ್ ಜರ್ನಲ್ ಆಫ್ ಮೆಡಿಸಿನ್' ಪತ್ರಿಕೆಯಲ್ಲಿ ಬಾಸ್ಟನ್ ನಗರದ ಇಬ್ಬರು ಸಂಶೋಧಕರು ಸಂಪಾದಕರಿಗೆ ಬರೆದ ಒಂದೇ ಪರಿಚ್ಛೇದದ ಪತ್ರ ಪ್ರಕಟವಾಯಿತು. ಆಸ್ಪತ್ರೆಯಲ್ಲಿದ್ದು ಈ ವರ್ಗದ ಮದ್ದನ್ನು ಒಮ್ಮೆಯಾದರೂ ಪಡೆದ ೧೧,೮೮೨ ರೋಗಿಗಳಲ್ಲಿ ವ್ಯಸನಕ್ಕೆ ಒಳಗಾದವರೆಂದು ದಾಖಲೆಯಾದವರು ನಾಲ್ವರು ಮಾತ್ರ ಎಂಬುದು ಅದರ ಸಾರ. ಆಸ್ಪತ್ರೆಯೊಳಗೆ ದಾದಿಯ ಕಣ್ಣ ಮುಂದೆ ಮದ್ದು ಪಡೆದವರ ಲೆಕ್ಕ ಅದು. ಚೀಟಿ ಹಿಡಿದು ಮನೆಗೆ ಹೋಗಿ ತಿಂಗಳುಗಟ್ಟಲೆ ಮಾತ್ರೆ ನುಂಗುವವರ ವಿಷಯವನ್ನು ಅದು ಹೇಳಿರಲಿಲ್ಲ. ಆದರೂ ಮುಂದಿನ ಲೇಖಕರು ಒಬ್ಬರನ್ನೊಬ್ಬರು ನೋಡಿ ಉಲ್ಲೇಖಿಸುತ್ತ ಹೋದಂತೆ ಆ ಪತ್ರವು 'ಅಧ್ಯಯನ'ವಾಯಿತು, 'ವಿಸ್ತಾರವಾದ ಅಧ್ಯಯನ'ವಾಯಿತು, ಕಡೆಗೆ ವ್ಯಸನದ ಭಯವು ಶೇಕಡಾ ಒಂದಕ್ಕೂ ಕಡಿಮೆಯೆಂಬ ಸಿದ್ಧಾಂತಕ್ಕೆ ಆಧಾರವಾಯಿತು. ೨೦೧೭ರಲ್ಲಿ ಅದೇ ಪತ್ರಿಕೆಯಲ್ಲಿ ಪ್ರಕಟವಾದ ಒಂದು ಪರಿಶೀಲನೆಯ ಪ್ರಕಾರ ಆ ಪತ್ರವನ್ನು ೬೦೮ ಕಡೆ ಉಲ್ಲೇಖಿಸಲಾಗಿತ್ತು. ಅವುಗಳಲ್ಲಿ ಶೇಕಡಾ ಎಪ್ಪತ್ತಕ್ಕೂ ಹೆಚ್ಚಿನವು ವ್ಯಸನ ವಿರಳವೆಂಬುದಕ್ಕೆ ಅದನ್ನು ಸಾಕ್ಷಿಯಾಗಿ ಬಳಸಿದ್ದುವು.

ಗ್ರಂಥಸಂಪಾದನೆಯ ಅಭ್ಯಾಸವುಳ್ಳ ನಮಗೆ ಈ ಪ್ರಕರಣ ಅಪರಿಚಿತವಾದುದಲ್ಲ. ಮೂಲಪ್ರತಿಯನ್ನು ನೋಡದೆ ಪ್ರತಿಯ ಪ್ರತಿಯನ್ನು ನೋಡಿ ಬರೆದ ಲಿಪಿಕಾರನಿಂದ ಪಾಠ ಹೇಗೆ ಕೆಡುತ್ತದೆಂಬುದನ್ನು ನಾವು ತರಗತಿಯಲ್ಲಿ ದಿನವೂ ಹೇಳುತ್ತೇವೆ. ಅಲ್ಲಿ ಕೆಡುವುದು ಒಂದು ಪದ್ಯ. ಇಲ್ಲಿ ಕೆಟ್ಟುದು ಒಂದು ದೇಶದ ವೈದ್ಯಪದ್ಧತಿ. ಅಡಿಟಿಪ್ಪಣಿಯನ್ನು ಮೂಲಕ್ಕೆ ಹೋಗಿ ನೋಡಬೇಕೆಂಬುದು ಪಂಡಿತರ ಒಣ ಹಟವೆಂದು ಭಾವಿಸುವ ವಿದ್ಯಾರ್ಥಿಗಳು ಕಿನ್ಯೋನೆಸ್‌ನ ಈ ಅಧ್ಯಾಯವೊಂದನ್ನಾದರೂ ಓದತಕ್ಕದ್ದು.

೩

ಎರಡನೆಯ ಗ್ರಂಥ ಪ್ಯಾಟ್ರಿಕ್ ರ‍್ಯಾಡನ್ ಕೀಫ್ ಬರೆದ 'ಎಂಪೈರ್ ಆಫ್ ಪೇನ್' (೨೦೨೧). ಸ್ಯಾಕ್ಲರ್ ಮನೆತನದ ಮೂರು ತಲೆಮಾರುಗಳ ಚರಿತ್ರೆ ಇದು. ಬ್ರೂಕ್ಲಿನ್‌ನ ವಲಸೆಗಾರರ ಮಕ್ಕಳಾದ ಆರ್ಥರ್, ಮಾರ್ಟಿಮರ್, ರೇಮಂಡ್ ಎಂಬ ಮೂವರು ವೈದ್ಯಸೋದರರು ೧೯೫೨ರಲ್ಲಿ ಪರ್ಡ್ಯೂ ಫ್ರೆಡರಿಕ್ ಎಂಬ ಚಿಕ್ಕ ಔಷಧ ಕಂಪನಿಯನ್ನು ಕೊಂಡರು. ಹಿರಿಯನಾದ ಆರ್ಥರನು ವೈದ್ಯರಿಗೇ ಜಾಹೀರಾತು ಮಾಡುವ ಕಲೆಯನ್ನು ಬೆಳೆಸಿದನು. ಆತ ೧೯೮೭ರಲ್ಲಿ ತೀರಿಕೊಂಡ ಮೇಲೆ, ಮುಂದಿನ ತಲೆಮಾರಿನ ಕೈಯಲ್ಲಿ, ೧೯೯೬ರಲ್ಲಿ ಆಕ್ಸಿಕಾಂಟಿನ್ ಎಂಬ ಮಾತ್ರೆ ಮಾರಾಟಕ್ಕೆ ಬಂದಿತು. ಮದ್ದು ನಿಧಾನವಾಗಿ ಬಿಡುಗಡೆಯಾಗುವುದರಿಂದ ದುರುಪಯೋಗ ಕಡಿಮೆಯೆಂದು ವೈದ್ಯರನ್ನು ನಂಬಿಸಲಾಯಿತು. ಮಾತ್ರೆಯನ್ನು ಪುಡಿಮಾಡಿದರೆ ಆ ನಿಧಾನವೇ ಇಲ್ಲವಾಗುತ್ತದೆಂಬುದನ್ನು ಜನ ಬೇಗ ಕಂಡುಕೊಂಡರು. ೨೦೦೭ರಲ್ಲಿ ಕಂಪನಿಯ ಶಾಖೆಯೂ ಮೂವರು ಅಧಿಕಾರಿಗಳೂ ತಪ್ಪೊಪ್ಪಿಕೊಂಡರು. ೨೦೨೦ರಲ್ಲಿ ಕಂಪನಿ ಮತ್ತೆ ತಪ್ಪೊಪ್ಪಿಕೊಂಡಿತು. ಮನೆತನದವರ ಮೇಲೆ ಎರಡು ಸಲವೂ ಅಪರಾಧದ ಆರೋಪ ಬರಲಿಲ್ಲ.

ಕೀಫ್‌ನ ಶ್ರಮ ಅಸಾಧಾರಣವಾದುದು. ಮನೆತನದವರು ಅವನೊಡನೆ ಮಾತನಾಡಲು ಒಪ್ಪಲಿಲ್ಲ. ನ್ಯಾಯಾಲಯದ ಕಡತಗಳನ್ನೂ ಪತ್ರಗಳನ್ನೂ ಹಳೆಯ ನೌಕರರ ಹೇಳಿಕೆಗಳನ್ನೂ ಆಧರಿಸಿ ಅವನು ಈ ಸೌಧವನ್ನು ಕಟ್ಟಿದ್ದಾನೆ. ಆರ್ಥರನ ಪಾತ್ರ ಓದುಗನ ಮನಸ್ಸಿನಲ್ಲಿ ಜೀವಂತವಾಗಿ ನಿಲ್ಲುತ್ತದೆ. ವಿದ್ಯೆಯ ಹಸಿವು, ಕಲಾಸಂಗ್ರಹದ ಹುಚ್ಚು, ಕೀರ್ತಿಯ ಮೋಹ, ಹಣದ ಮೂಲವನ್ನು ಮರೆಮಾಡುವ ಜಾಣ್ಮೆ, ಇವೆಲ್ಲ ಒಂದೇ ವ್ಯಕ್ತಿಯಲ್ಲಿ ಕೂಡಿರುವುದನ್ನು ಕಂಡು ನಾವು ಅವನನ್ನು ಪೂರ್ಣವಾಗಿ ಮೆಚ್ಚಲಾರದೆ, ಪೂರ್ಣವಾಗಿ ತಿರಸ್ಕರಿಸಲಾರದೆ ಉಳಿಯುತ್ತೇವೆ. ಆದರೆ ಆರ್ಥರನು ಆಕ್ಸಿಕಾಂಟಿನ್ನನ್ನು ಕಾಣಲೇ ಇಲ್ಲ. ಯಾರ ಕಾಲದಲ್ಲಿ ಅನಾಹುತ ನಡೆಯಿತೋ ಆ ರಿಚರ್ಡನೂ ಅವನ ಬಂಧುಗಳೂ ಕಡತಗಳಲ್ಲಿ ಸಿಕ್ಕಷ್ಟೇ ಇದ್ದಾರೆ. ಒಳಗಿನ ತೊಳಲಾಟ ಅವರಲ್ಲಿ ಇತ್ತೋ ಇಲ್ಲವೋ ನಮಗೆ ತಿಳಿಯದು. ಪಂಪನ ಕರ್ಣನನ್ನೂ ರನ್ನನ ದುರ್ಯೋಧನನನ್ನೂ ನಾಗಚಂದ್ರನ ರಾವಣನನ್ನೂ ಓದಿದ ಕನ್ನಡ ವಾಚಕನಿಗೆ ಪ್ರತಿನಾಯಕನ ಅಂತರಂಗವನ್ನು ಕಾಣುವ ಅಭ್ಯಾಸವಿದೆ. ಅವನಿಗೆ ಈ ಉತ್ತರಾರ್ಧ ಸಪ್ಪೆಯಾಗಿ ತೋರಿದರೆ ಆಶ್ಚರ್ಯವಿಲ್ಲ. ದೋಷ ಲೇಖಕನದೆಂದು ಹೇಳಲಾರೆವು. ಸಾಕ್ಷ್ಯವಿಲ್ಲದ ಕಡೆ ಕಲ್ಪನೆಯನ್ನು ತುಂಬದೆ ಇದ್ದುದು ಅವನ ಪ್ರಾಮಾಣಿಕತೆ.

ಹೆಚ್ಚಿನ ಆಕ್ಷೇಪಣೆ ಬೇರೆ. ಈ ಗ್ರಂಥವನ್ನು ಮುಗಿಸಿದವನ ಮನಸ್ಸಿನಲ್ಲಿ, ಈ ಮನೆತನಕ್ಕೆ ಶಿಕ್ಷೆಯಾದರೆ ಕಥೆ ಮುಗಿಯಿತು ಎಂಬ ಭಾವನೆ ನಿಲ್ಲುತ್ತದೆ. ೨೦೨೪ರ ಜೂನ್ ತಿಂಗಳಲ್ಲಿ ಅಮೆರಿಕದ ಸರ್ವೋಚ್ಚ ನ್ಯಾಯಾಲಯವು ಐದಕ್ಕೆ ನಾಲ್ಕರ ಬಹುಮತದಿಂದ, ಮನೆತನಕ್ಕೆ ಮುಂದಿನ ವ್ಯಾಜ್ಯಗಳಿಂದ ರಕ್ಷಣೆ ಕೊಡುವ ಒಪ್ಪಂದವನ್ನು ತಳ್ಳಿಹಾಕಿತು, ೨೦೨೫ರಲ್ಲಿ ೭.೪ ಶತಕೋಟಿ ಡಾಲರುಗಳವರೆಗಿನ ಹೊಸ ಒಪ್ಪಂದ ಸಿದ್ಧವಾಯಿತು. ನ್ಯಾಯದ ದೃಷ್ಟಿಯಿಂದ ಇವು ಅಲ್ಪ ಸಂಗತಿಗಳಲ್ಲ. ಪತ್ರಕರ್ತರ ಹಟವಿಲ್ಲದೆ ಇವು ಆಗುತ್ತಲೂ ಇರಲಿಲ್ಲ. ಆದರೆ ಈ ವಿಚಾರಣೆಗಳು ನಡೆಯುತ್ತಿದ್ದ ವರ್ಷಗಳಲ್ಲಿಯೇ ಸಾವುಗಳು ಇಮ್ಮಡಿ ಮುಮ್ಮಡಿಯಾದುವು. ಸಾಯುತ್ತಿದ್ದವರಲ್ಲಿ ಬಹುಮಂದಿ ಆ ಮನೆತನ ಮಾರಿದ ಮಾತ್ರೆಯಿಂದ ಸಾಯುತ್ತಿರಲಿಲ್ಲ. ಮನೆತನದವರು ತಮ್ಮ ರಕ್ಷಣೆಗೆ ಈ ಮಾತನ್ನೇ ಮುಂದೊಡ್ಡಿದರು ಎಂಬುದರಿಂದ ಅದು ಸುಳ್ಳಾಗುವುದಿಲ್ಲ. ಅದು ನಿಜವೆಂಬುದರಿಂದ ಅವರ ಹೊಣೆಯೂ ಕಳೆಯುವುದಿಲ್ಲ. ೨೦೧೦ರಲ್ಲಿ ಕಂಪನಿಯು ಪುಡಿಮಾಡಲು ಬಾರದ ಮಾತ್ರೆಯನ್ನು ತಂದಾಗ, ಆಗಲೇ ವ್ಯಸನಕ್ಕೆ ಬಿದ್ದಿದ್ದವರಲ್ಲಿ ಅನೇಕರು ಹೆರಾಯಿನಿನ ಕಡೆಗೆ ತಿರುಗಿದರು. ಒಂದು ಬಾಗಿಲು ಮುಚ್ಚಿದರೆ ಒಳಗಿನವರು ಎಲ್ಲಿಗೆ ಹೋಗುತ್ತಾರೆಂಬ ಪ್ರಶ್ನೆಯನ್ನು ಖಳನ ಕಥೆ ಕೇಳುವುದಿಲ್ಲ. ಅದರ ಕಣ್ಣೆಲ್ಲ ಖಳನ ಮೇಲೆ.

೪

ಮೂರನೆಯ ಅಲೆಯ ಕಥೆಯನ್ನು ಹೇಳಲು ಹೊರಟವನು ಬೆನ್ ವೆಸ್ಟ್‌ಹಾಫ್. ಅವನ 'ಫೆಂಟನಿಲ್, ಇಂಕ್.' (೨೦೧೯) ಗ್ರಂಥದ ಮುಖ್ಯ ಸಾಹಸವೆಂದರೆ, ಖರೀದಿದಾರನ ವೇಷದಲ್ಲಿ ಚೀನಾಕ್ಕೆ ಹೋಗಿ, ಶಾಂಘೈ ಬಳಿಯ ಪ್ರಯೋಗಶಾಲೆಯನ್ನೂ ವೂಹಾನ್ ನಗರದ ರಾಸಾಯನಿಕ ಕಂಪನಿಯೊಂದರ ಮಾರಾಟ ಕಚೇರಿಯನ್ನೂ ಕಣ್ಣಾರೆ ನೋಡಿ ಬಂದುದು. ಅಲ್ಲಿ ಅವನು ಕಂಡುದೇನು? ಗುಹೆಯನ್ನಲ್ಲ, ಕಳ್ಳರ ಕೂಟವನ್ನಲ್ಲ. ಮೇಜುಗಳ ಸಾಲಿನಲ್ಲಿ ಕುಳಿತು ಗಿರಾಕಿಗಳ ಕಾಗದಗಳಿಗೆ ಉತ್ತರ ಬರೆಯುತ್ತಿದ್ದ ಸಾಮಾನ್ಯ ತರುಣ ನೌಕರರನ್ನು. ಅವರು ಮಾರುತ್ತಿದ್ದ ಮೂಲದ್ರವ್ಯಗಳಲ್ಲಿ ಹಲವು ಆ ದೇಶದ ಕಾನೂನಿಗೆ ವಿರುದ್ಧವೂ ಆಗಿರಲಿಲ್ಲ.

ಇಲ್ಲಿ ಕಥನಕಾರನ ತೊಡಕು ಸ್ಪಷ್ಟವಾಗುತ್ತದೆ. ಅಫೀಮಿಗೆ ಹೊಲ ಬೇಕು, ಋತು ಬೇಕು, ಮಳೆ ಬೇಕು, ನೂರಾರು ಕೈಗಳು ಬೇಕು. ಆದುದರಿಂದ ಅದರ ಕಥೆಗೆ ಒಂದು ನೆಲವಿದೆ. ಫೆಂಟನಿಲಿಗೆ ಬೇಕಾದುದು ಕೆಲವು ದ್ರವ್ಯಗಳು, ಒಂದು ಕೋಣೆ, ಸ್ವಲ್ಪ ರಸಾಯನವಿದ್ಯೆ. ಅತ್ಯಲ್ಪ ತೂಕದಲ್ಲಿ ಲಕ್ಷಾಂತರ ಜನರಿಗೆ ಸಾಕಾಗುವಷ್ಟು ಬಲವಿರುವುದರಿಂದ ಅಂಚೆಯ ಲಕೋಟೆಯಲ್ಲಿಯೂ ಅದು ಸಾಗಬಲ್ಲದು. ನಿಷೇಧ ಬಿಗಿಯಾದಷ್ಟೂ ಸರಕು ಚಿಕ್ಕದೂ ತೀಕ್ಷ್ಣವೂ ಆಗುತ್ತದೆಂಬ ನಿಯಮವನ್ನು ರಿಚರ್ಡ್ ಕೋವನ್ ಎಂಬಾತನು ೧೯೮೬ರಲ್ಲಿಯೇ ಸೂತ್ರೀಕರಿಸಿದ್ದನು. ಮುಂದಿನ ಘಟನೆಗಳು ಇದಕ್ಕೆ ವ್ಯಾಖ್ಯಾನದಂತಿವೆ. ಅಮೆರಿಕದ ಒತ್ತಾಯದ ಮೇರೆಗೆ ಚೀನಾ ದೇಶವು ೨೦೧೯ರ ಮೇ ೧ರಿಂದ ಫೆಂಟನಿಲಿನ ಸಂಬಂಧಿಗಳನ್ನೆಲ್ಲ ಒಂದು ವರ್ಗವಾಗಿ ನಿಯಂತ್ರಣಕ್ಕೆ ಒಳಪಡಿಸಿತು. ಸಿದ್ಧವಾದ ಫೆಂಟನಿಲ್ ಚೀನಾದಿಂದ ನೇರವಾಗಿ ಬರುವುದು ಬಹಳ ಮಟ್ಟಿಗೆ ನಿಂತಿತು. ಮೂಲದ್ರವ್ಯಗಳು ಮೆಕ್ಸಿಕೋಗೆ ಹೋಗಿ, ಅಲ್ಲಿ ಮದ್ದಾಗಿ, ಗಡಿ ದಾಟತೊಡಗಿದುವು. ೧೯೫೦ರ ದಶಕದಲ್ಲಿ ಸ್ವಿಟ್ಜರ್ಲೆಂಡಿನ ಔಷಧ ಸಂಶೋಧಕರು ತಯಾರಿಸಿ, ಅಪಾಯವೆಂದು ಮೂಲೆಗಿಟ್ಟಿದ್ದ ನೈಟಜೀನ್ ಎಂಬ ಬೇರೊಂದು ವರ್ಗವು ೨೦೧೯ರ ಸುಮಾರಿಗೆ ಬೀದಿಯಲ್ಲಿ ಕಾಣಿಸಿಕೊಂಡಿತು. ರಕ್ತಬೀಜಾಸುರನ ಕಥೆ ನಮ್ಮ ವಾಚಕರಿಗೆ ಗೊತ್ತಿದೆ. ಅವನ ರಕ್ತದ ಹನಿ ನೆಲಕ್ಕೆ ಬಿದ್ದ ಕಡೆಯಲ್ಲೆಲ್ಲ ಮತ್ತೊಬ್ಬ ರಕ್ತಬೀಜ ಏಳುತ್ತಿದ್ದನು. ಹೊಡೆದಷ್ಟೂ ಹೆಚ್ಚುವವನೊಡನೆ ಹೊಡೆತವೊಂದರಿಂದಲೇ ಗೆಲ್ಲಲಾಗದು. ಹನಿ ನೆಲಕ್ಕೆ ಬೀಳದಂತೆ ಮಾಡಬೇಕು. ನೆಲವೆಂದರೆ ಇಲ್ಲಿ ಬೇಡಿಕೆ, ಎಂದರೆ ನೋವಿನಲ್ಲಿರುವ ಮನುಷ್ಯ.

ವೆಸ್ಟ್‌ಹಾಫ್ ಈ ತತ್ತ್ವವನ್ನು ಕಂಡಿದ್ದಾನೆ, ಗ್ರಂಥದ ಕಡೆಯ ಭಾಗದಲ್ಲಿ ಹಾನಿಯನ್ನು ತಗ್ಗಿಸುವ ಕ್ರಮಗಳ ಪರವಾಗಿ ಮಾತನಾಡಿಯೂ ಇದ್ದಾನೆ. ಆದರೆ ಅವನ ಕಥನದ ವೇಗವೆಲ್ಲ ಪತ್ತೇದಾರನ ವೇಗ. ವೇಷ, ಅಪಾಯ, ರಹಸ್ಯ, ಬಯಲು, ಈ ಕ್ರಮದಲ್ಲಿ ಸಾಗುವ ಬರವಣಿಗೆ ಓದುಗನನ್ನು ಕಳ್ಳನ ಕಡೆಗೇ ಎಳೆಯುತ್ತದೆ. ವಾದವು ಒಂದು ಕಡೆಗೆ, ಕಥೆಯ ಓಟವು ಇನ್ನೊಂದು ಕಡೆಗೆ ಹೋಗುವಾಗ ಓದುಗನು ಹಿಂಬಾಲಿಸುವುದು ಕಥೆಯನ್ನೇ. ಇದು ಈ ಗ್ರಂಥದ ಮುಖ್ಯವಾದ ಊನವೆಂದು ನಾವು ತಿಳಿಯುತ್ತೇವೆ.

೫

ಬಾರ್ಬರಾ ಕಿಂಗ್‌ಸಾಲ್ವರ್ ಅವರ 'ಡೀಮನ್ ಕಾಪರ್‌ಹೆಡ್' (೨೦೨೨) ಕಾದಂಬರಿಯಾದುದರಿಂದ ಅದಕ್ಕೆ ಬೇರೆ ಸ್ವಾತಂತ್ರ್ಯವಿದೆ. ೨೦೨೩ರ ಪುಲಿಟ್ಜರ್ ಪಾರಿತೋಷಕವನ್ನು ಇನ್ನೊಂದು ಕೃತಿಯೊಡನೆ ಹಂಚಿಕೊಂಡ ಈ ಕಾದಂಬರಿಯು ಡಿಕನ್ಸ್‌ನ 'ಡೇವಿಡ್ ಕಾಪರ್‌ಫೀಲ್ಡ್' ಅನ್ನು ವರ್ಜೀನಿಯ ಸಂಸ್ಥಾನದ ಲೀ ಕೌಂಟಿಗೆ ತಂದು ನೆಡುತ್ತದೆ. ಬಾಡಿಗೆಯ ಗಾಡಿಮನೆಯಲ್ಲಿ ಹದಿಹರೆಯದ ತಾಯಿಗೆ ಹುಟ್ಟಿದ ಹುಡುಗ ತನ್ನ ಕಥೆಯನ್ನು ತಾನೇ ಹೇಳುತ್ತಾನೆ. ತಾಯಿ ಮಾತ್ರೆಗಳ ಮಿತಿಮೀರಿದ ಸೇವನೆಯಿಂದ ಸಾಯುತ್ತಾಳೆ; ಅನಾಥರ ಇಲಾಖೆ ಅವನನ್ನು ಹೊಗೆಸೊಪ್ಪಿನ ಹೊಲದ ಒಡೆಯನ ಮನೆಗೆ ದೂಡುತ್ತದೆ; ಕಾಲ್ಚೆಂಡಿನ ಆಟದಲ್ಲಿ ಮಂಡಿ ಮುರಿದಾಗ ವೈದ್ಯನು ಕೊಟ್ಟ ಮಾತ್ರೆಯೇ ಅವನ ಸಂಕೋಲೆಯಾಗುತ್ತದೆ; ಅವನ ಪ್ರೀತಿಯ ಡೋರಿ ಅದೇ ದಾರಿಯಲ್ಲಿ ಪ್ರಾಣ ಬಿಡುತ್ತಾಳೆ.

ಡಿಕನ್ಸ್‌ನ ಕಥಾವಸ್ತುವನ್ನು ಇಷ್ಟು ಹತ್ತಿರದಿಂದ ಅನುಸರಿಸುವುದರಿಂದ ಲಾಭವೂ ಇದೆ, ನಷ್ಟವೂ ಇದೆ. ಲಾಭವೇನೆಂದರೆ, ಇಲ್ಲಿ ವಿಪತ್ತಿಗೆ ಹುಟ್ಟು ಮಾತ್ರೆಯಲ್ಲಿ ಅಲ್ಲ ಎಂಬುದು ಮೊದಲ ಪುಟಗಳಿಂದಲೇ ಸ್ಥಾಪಿತವಾಗುತ್ತದೆ. ಮಾತ್ರೆ ಬರುವ ಮೊದಲೇ ಹುಡುಗನ ಹೊಟ್ಟೆ ಹಸಿದಿದೆ, ಮೈ ದುಡಿದು ನೊಂದಿದೆ, ಮನೆ ಮುರಿದಿದೆ. ಕಲ್ಲಿದ್ದಲಿನ ಕಂಪನಿಗಳು ಬರಿದುಮಾಡಿ ಬಿಟ್ಟುಹೋದ ಗುಡ್ಡಗಾಡಿನ ಜನಕ್ಕೆ ಮಾತ್ರೆ ಕಡೆಗೆ ಬಂದ ಒಡೆಯ, ಮೊದಲನೆಯ ಒಡೆಯನಲ್ಲ. ಔಷಧ ಕಂಪನಿಯ ಪ್ರತಿನಿಧಿಯೊಬ್ಬನು ಕಾದಂಬರಿಯಲ್ಲಿ ಬರುತ್ತಾನೆ. ಆದರೆ ಅವನು ಖಳನ ಎತ್ತರಕ್ಕೆ ಏರದೆ, ಒಳ್ಳೆಯ ಬಟ್ಟೆ ತೊಟ್ಟ ಸಾಮಾನ್ಯ ಮನುಷ್ಯನಾಗಿಯೇ ಉಳಿಯುತ್ತಾನೆ. ಇದು ಸತ್ಯಕ್ಕೆ ಹತ್ತಿರವಾದ ಚಿತ್ರಣ. ಹುಡುಗನ ಹಾಸ್ಯಬುದ್ಧಿ ಸಹ ಇಲ್ಲಿ ಅಲಂಕಾರವಾಗಿ ಬಂದುದಲ್ಲ. ಕರುಣೆಯನ್ನು ಕೇಳಿ ಬೇಸತ್ತವನ ರಕ್ಷಾಕವಚ ಅದು. ಬೆಟ್ಟದ ಸೀಮೆಯವರನ್ನು ಹಳ್ಳಿಗುಗ್ಗುಗಳೆಂದು ನಗುವ ನಗರದವರಿಗೆ ಲೇಖಕಿಯು ಕೊಟ್ಟ ಉತ್ತರವೂ ಅದೇ.

ನಷ್ಟವು ಮುಕ್ತಾಯದಲ್ಲಿದೆ. ಡೇವಿಡ್‌ನಿಗೆ ಆಗ್ನೆಸ್ ದೊರೆಯಬೇಕಾಗಿರುವುದರಿಂದ ಡೀಮನ್‌ನಿಗೂ ಆಂಗಸ್ ದೊರೆಯಬೇಕು. ಚಿತ್ರ ಬರೆಯುವ ಅವನ ಪ್ರತಿಭೆ ಅವನನ್ನು ದಡ ಸೇರಿಸಬೇಕು. ಕಡೆಗೆ ಅವನು ಜೀವಮಾನವೆಲ್ಲ ಹಂಬಲಿಸಿದ ಸಮುದ್ರದ ಕಡೆಗೆ ಹೊರಡಬೇಕು. ಓದುಗನಿಗೆ ಇದು ಸಂತೋಷವನ್ನೇ ಕೊಡುತ್ತದೆ. ಆದರೆ ಪ್ರತಿಭೆಯಿದ್ದವನು ಬದುಕಿದನು ಎಂಬ ಕಥೆಯ ನೆರಳಿನಲ್ಲಿ, ಪ್ರತಿಭೆಯಿಲ್ಲದವನ ಗತಿಯೇನು ಎಂಬ ಪ್ರಶ್ನೆ ಉಳಿದೇ ಉಳಿಯುತ್ತದೆ. ಅಲ್ಲದೆ ಕಾದಂಬರಿಯ ಕಾಲ ಮೊದಲ ಅಲೆಯ ಕಾಲ. ಆಗ ಒಮ್ಮೆ ಬಿದ್ದವನಿಗೆ ಎದ್ದೇಳಲು ವರ್ಷಗಳ ಅವಕಾಶವಿತ್ತು. ಬೀದಿಯ ಪುಡಿಯಲ್ಲಿ ಫೆಂಟನಿಲ್ ಬೆರೆತ ಮೇಲೆ ಆ ಅವಕಾಶವೇ ಇಲ್ಲ. ಪಶ್ಚಾತ್ತಾಪಕ್ಕೆ ಬೇಕಾದಷ್ಟು ಕಾಲವನ್ನು ಕೊಡದೆ ಅದು ಕೊಲ್ಲುತ್ತದೆ. ಬೀಳು, ಏಳು, ಕಲಿ, ಬದುಕು ಎಂಬ ಬೆಳವಣಿಗೆಯ ಕಾದಂಬರಿಯ ಕಟ್ಟು ಮೂರನೆಯ ಅಲೆಗೆ ಹೊಂದಲಾರದು. ಲೇಖಕಿಗೆ ಇದರ ಅರಿವು ಇಲ್ಲದಿಲ್ಲವೆಂದು ಕಾಣುತ್ತದೆ. ಕಾದಂಬರಿಯಿಂದ ಬಂದ ಹಣದಿಂದ ಅವರು ಲೀ ಕೌಂಟಿಯಲ್ಲಿಯೇ ಚೇತರಿಸಿಕೊಳ್ಳುತ್ತಿರುವ ಹೆಂಗಸರಿಗಾಗಿ ಒಂದು ನಿವಾಸವನ್ನು ಏರ್ಪಡಿಸಿದರು. ಅದು ೨೦೨೫ರಲ್ಲಿ ತೆರೆಯಿತು.

೬

ಇನ್ನು ನೀತಿಯ ವಿಚಾರ. ಬೆತ್ ಮೇಸಿ ಬರೆದ 'ರೈಸಿಂಗ್ ಲಾಜರಸ್' (೨೦೨೨) ನಮ್ಮ ಪಟ್ಟಿಯ ಐದನೆಯ ಗ್ರಂಥ. ಇದೇ ಲೇಖಕಿಯ ಹಿಂದಿನ ಕೃತಿ 'ಡೋಪ್‌ಸಿಕ್' (೨೦೧೮) ಹೆಚ್ಚು ಪ್ರಸಿದ್ಧವಾದುದು, ಬರವಣಿಗೆಯ ಬಿಗಿಯಲ್ಲಿ ಮೇಲಾದುದು. ಆದರೂ ನಾವು ಎರಡನೆಯದನ್ನೇ ಆರಿಸಿಕೊಂಡಿದ್ದೇವೆ. ಇದರಲ್ಲಿ ದೊಡ್ಡ ಖಳನಿಲ್ಲ, ದೊಡ್ಡ ನಾಯಕನೂ ಇಲ್ಲ. ಕಾರಿನ ಹಿಂಭಾಗದಲ್ಲಿ ಮದ್ದು, ಶುದ್ಧವಾದ ಸೂಜಿ, ತಿಂಡಿ ಇಟ್ಟುಕೊಂಡು ಬೀದಿಬದಿಯ ಗುಡಾರಗಳನ್ನು ಸುತ್ತುವ ದಾದಿಯರು, ಸ್ವಯಂಸೇವಕರು, ತಾವೇ ಒಮ್ಮೆ ವ್ಯಸನಿಗಳಾಗಿದ್ದವರು ಇದರ ಪಾತ್ರಗಳು. ಅವರ ದಿನಚರಿ ಒಂದೇ ತರಹ. ಒಬ್ಬನನ್ನು ಉಳಿಸಿದರೆ ಅವನು ಮತ್ತೆ ಬೀಳುತ್ತಾನೆ, ಮತ್ತೆ ಉಳಿಸುತ್ತಾರೆ. ಗ್ರಂಥವು ಚದರಿದಂತೆ, ಪುನರುಕ್ತಿಯಿಂದ ಕೂಡಿದಂತೆ ತೋರುತ್ತದೆಂಬ ಆಕ್ಷೇಪಣೆ ಸರಿಯೇ. ಆದರೆ ಆ ಪುನರುಕ್ತಿ ವಸ್ತುವಿನಲ್ಲಿಯೇ ಇದೆ. ಆರೈಕೆಗೆ ಪರಾಕಾಷ್ಠೆಯೆಂಬುದಿಲ್ಲ, ಆದುದರಿಂದಲೇ ಅದು ಒಳ್ಳೆಯ ಕಥೆಯಾಗುವುದಿಲ್ಲ, ಒಳ್ಳೆಯ ಕಥೆಯಾಗದಿರುವುದರಿಂದಲೇ ಸುಲಭವಾಗಿ ನೀತಿಯೂ ಆಗುವುದಿಲ್ಲ.

ಉಸಿರು ನಿಂತವನನ್ನು ಕೆಲವೇ ನಿಮಿಷಗಳಲ್ಲಿ ಎಬ್ಬಿಸುವ ನ್ಯಾಲೊಕ್ಸೋನ್ ಎಂಬ ಪ್ರತಿಮದ್ದಿಗೆ ಅಮೆರಿಕದಲ್ಲಿ ೧೯೭೧ರಲ್ಲಿಯೇ ಅನುಮತಿ ದೊರೆತಿತ್ತು. ಚೀಟಿಯಿಲ್ಲದೆ ಅಂಗಡಿಯಲ್ಲಿ ದೊರೆಯುವಂತೆ ಆಜ್ಞೆಯಾದುದು ೨೦೨೩ರಲ್ಲಿ. ವ್ಯಸನದ ಚಿಕಿತ್ಸೆಗೆ ಬುಪ್ರಿನಾರ್ಫಿನ್ ಎಂಬ ಮದ್ದನ್ನು ಬರೆದುಕೊಡಲು ವೈದ್ಯರಿಗೆ ಬೇಕಾಗಿದ್ದ ವಿಶೇಷ ಪರವಾನೆಯನ್ನು ತೆಗೆದುಹಾಕಿದುದು ೨೦೨೨ರ ಡಿಸೆಂಬರಿನಲ್ಲಿ. ನೋವಿನ ಮಾತ್ರೆಯನ್ನು ಬರೆಯಲು ಆ ಪರವಾನೆ ಬೇಕಾಗಿರಲಿಲ್ಲ. ಅದರಿಂದಾದ ವ್ಯಸನವನ್ನು ಬಿಡಿಸಲು ಬೇಕಾಗಿತ್ತು! ಇಂಥ ವೈಪರೀತ್ಯವು ಎಷ್ಟೋ ವರ್ಷ ಯಾರ ಗಮನಕ್ಕೂ ಬಾರದೆ ಉಳಿದುದಕ್ಕೆ, ಅದು ಯಾವ ಖಳನ ಕೃತ್ಯವೂ ಅಲ್ಲದಿದ್ದುದೂ ಒಂದು ಕಾರಣವೆಂದು ನಾವು ನಂಬುತ್ತೇವೆ.

ಇದಕ್ಕೆ ವಿರುದ್ಧವಾದ ಎಚ್ಚರಿಕೆಯನ್ನೂ ಹೇಳಬೇಕು. ದಂಡನೆಯನ್ನು ತೆಗೆದುಹಾಕಿದೊಡನೆ ಎಲ್ಲವೂ ಸರಿಹೋಗುತ್ತದೆಂಬುದೂ ಒಂದು ಸುಲಭದ ಕಥೆಯೇ. ಪೋರ್ಚುಗಲ್ ದೇಶವು ೨೦೦೧ರಲ್ಲಿ, ಹತ್ತು ದಿನಗಳ ಬಳಕೆಗೆ ಮೀರದ ಮಾದಕವನ್ನು ಇಟ್ಟುಕೊಳ್ಳುವುದನ್ನು ಸೆರೆಮನೆಗೆ ಕಳುಹಿಸುವ ಅಪರಾಧವಲ್ಲವೆಂದು ಮಾಡಿತು; ಜೊತೆಗೆ ಅಂಥವರನ್ನು ಕರೆದು ವಿಚಾರಿಸುವ ಮಂಡಲಿಗಳನ್ನೂ ಚಿಕಿತ್ಸೆಯ ವ್ಯವಸ್ಥೆಯನ್ನೂ ಬೆಳೆಸಿತು. ಆರೆಗನ್ ಸಂಸ್ಥಾನದ ಜನರು ೨೦೨೦ರ ನವೆಂಬರಿನಲ್ಲಿ ಮತ ಕೊಟ್ಟು ತಂದ ಶಾಸನದಲ್ಲಿ ದಂಡನೆ ಹೋಯಿತು, ಚಿಕಿತ್ಸೆಯ ಹಣ ತಡವಾಗಿ ಬಂದಿತು. ಅದೇ ಸಮಯದಲ್ಲಿ ಫೆಂಟನಿಲ್ ಪಶ್ಚಿಮ ತೀರಕ್ಕೆ ಕಾಲಿಟ್ಟಿತು. ಸಾವುಗಳು ಏರಿದುವು, ಜನರ ಮನಸ್ಸು ತಿರುಗಿತು, ೨೦೨೪ರ ಸೆಪ್ಟೆಂಬರ್ ೧ರಿಂದ ದಂಡನೆ ಮರಳಿ ಬಂದಿತು. ಫೆಂಟನಿಲ್ ಹರಡಿದ ಕಾಲವನ್ನು ಲೆಕ್ಕಕ್ಕೆ ಹಿಡಿದ ಒಂದು ಅಧ್ಯಯನವು, ಆ ಶಾಸನಕ್ಕೂ ಸಾವುಗಳ ಏರಿಕೆಗೂ ಸಂಬಂಧ ಕಾಣುವುದಿಲ್ಲವೆಂದು ಅದೇ ವರ್ಷ ವರದಿ ಮಾಡಿತು. ಆದರೆ ಅಷ್ಟರಲ್ಲಿ ಕಥೆ ಹರಡಿಯಾಗಿತ್ತು. ಒಂದಾದ ಮೇಲೆ ಒಂದು ನಡೆದುದರಿಂದಲೇ ಮೊದಲನೆಯದು ಎರಡನೆಯದಕ್ಕೆ ಕಾರಣವೆಂದು ತಿಳಿಯುವ ಭ್ರಮೆಯನ್ನು ನಮ್ಮ ತಾರ್ಕಿಕರು ಕಾಕತಾಳೀಯ ನ್ಯಾಯವೆಂದು ಕರೆದಿದ್ದಾರೆ. ೨೦೨೪ರಲ್ಲಿ ಅಮೆರಿಕದ ಸಾವುಗಳು ಸುಮಾರು ೮೦,೦೦೦ಕ್ಕೆ ಇಳಿದುವು. ಪ್ರತಿಮದ್ದಿನ ಪ್ರಚಾರ, ಚಿಕಿತ್ಸೆಯ ವಿಸ್ತಾರ, ಸರಕಿನಲ್ಲಾದ ಬದಲಾವಣೆ, ಅಪಾಯಕ್ಕೆ ಒಳಗಾಗಿದ್ದವರಲ್ಲಿ ಬಹುಮಂದಿ ಆಗಲೇ ಸತ್ತುಹೋಗಿದ್ದುದು, ಹೀಗೆ ಕಾರಣಗಳನ್ನು ಹಲವು ಬಗೆಯಾಗಿ ಹೇಳುತ್ತಾರೆ. ಈ ಇಳಿಕೆಗೂ ಒಬ್ಬನೇ ನಾಯಕನನ್ನು ಹುಡುಕುವವರು ಇದ್ದೇ ಇರುತ್ತಾರೆ. ಅವರ ಮಾತನ್ನೂ ಅದೇ ಎಚ್ಚರಿಕೆಯಿಂದ ಕೇಳತಕ್ಕದ್ದು.

೭

ಇದೆಲ್ಲ ದೂರದ ದೇಶದ ಮಾತೆಂದು ನಾವು ಸುಮ್ಮನಿರುವಂತಿಲ್ಲ. ಈಸ್ಟ್ ಇಂಡಿಯಾ ಕಂಪನಿಯು ನಮ್ಮ ದೇಶದಲ್ಲಿ ಬೆಳೆಸಿದ ಅಫೀಮು ಚೀನಾದ ಮೇಲೆ ಯುದ್ಧಕ್ಕೆ ಕಾರಣವಾದುದನ್ನೂ ಇಂದಿನ ಅಮೆರಿಕದ ಅನಾಹುತವನ್ನೂ ಅಮಿತಾವ್ ಘೋಷ್ ತಮ್ಮ 'ಸ್ಮೋಕ್ ಅಂಡ್ ಆಶಸ್' (೨೦೨೩) ಗ್ರಂಥದಲ್ಲಿ ಅಕ್ಕಪಕ್ಕದಲ್ಲಿ ಇಟ್ಟು ತೋರಿಸಿದ್ದಾರೆ. ೨೦೨೫ರ ಫೆಬ್ರವರಿಯಲ್ಲಿ, ಟಪೆಂಟಡಾಲನ್ನೂ ಕ್ಯಾರಿಸೊಪ್ರೊಡಾಲನ್ನೂ ಬೆರೆಸಿದ ಭಾರತೀಯ ಮಾತ್ರೆಗಳು ಪಶ್ಚಿಮ ಆಫ್ರಿಕದ ಬೀದಿಗಳಲ್ಲಿ ದೊರೆಯುತ್ತಿದ್ದುದು ಬಯಲಾದ ಮೇಲೆ, ನಮ್ಮ ಸರಕಾರ ಅವುಗಳ ರಫ್ತನ್ನು ತಡೆಯಬೇಕಾಯಿತು. ಬೇರೆಯವರ ಕಥೆಯಲ್ಲಿ ನಾವು ಯಾವ ಪಾತ್ರವೆಂದು ಕೇಳಿಕೊಳ್ಳುವುದು ಒಳ್ಳೆಯದು.

ಇನ್ನೊಂದು ಸಂಗತಿ ಹೆಚ್ಚು ನೋವಿನದು. ೧೯೮೫ರ ಮಾದಕದ್ರವ್ಯಗಳ ಶಾಸನವು ಕಠಿಣವಾಗಿ ಬಂದಾಗ, ಅದರ ಭಯದಿಂದ ನಮ್ಮ ಆಸ್ಪತ್ರೆಗಳಲ್ಲಿ ಮಾರ್ಫಿನ್ ಬಹುಮಟ್ಟಿಗೆ ಕಾಣದಂತಾಯಿತು. ಪ್ರಪಂಚದ ಔಷಧಕ್ಕಾಗಿ ಅಫೀಮನ್ನು ಸರಕಾರದ ಪರವಾನೆಯಿಂದ ಬೆಳೆಯುವ ದೇಶದಲ್ಲಿಯೇ ಕ್ಯಾನ್ಸರ್ ರೋಗಿಗಳು ಮಾರ್ಫಿನ್ ಇಲ್ಲದೆ ನರಳಿ ಸತ್ತರು. ಕೇರಳದ ಡಾ. ಎಂ. ಆರ್. ರಾಜಗೋಪಾಲ್ ಮೊದಲಾದವರು ಉಪಶಮನ ಚಿಕಿತ್ಸೆಯ ಪರವಾಗಿ ವರ್ಷಾನುಗಟ್ಟಲೆ ಶ್ರಮಿಸಿದ ಮೇಲೆ, ೨೦೧೪ರಲ್ಲಿ ಶಾಸನಕ್ಕೆ ತಿದ್ದುಪಡಿಯಾಗಿ ದಾರಿ ಸ್ವಲ್ಪ ಸುಗಮವಾಯಿತು. ಅಮೆರಿಕದಲ್ಲಿ ನೋವಿನ ಹೆಸರಿನಲ್ಲಿ ಮದ್ದು ವಿಷವಾಯಿತು. ನಮ್ಮಲ್ಲಿ ವಿಷದ ಭಯದಿಂದ ಮದ್ದೇ ಇಲ್ಲವಾಯಿತು. ಅಲ್ಲಿಯ ಖಳನ ಕಥೆಯನ್ನು ಯಥಾವತ್ತಾಗಿ ಇಲ್ಲಿಗೆ ತಂದುಕೊಂಡರೆ, ಅದರ ದಂಡನೆ ತಟ್ಟುವುದು ಕಡೆಗೆ ನಮ್ಮ ರೋಗಿಯನ್ನೇ.

ಒಟ್ಟಿನಲ್ಲಿ ನಮ್ಮ ಅಭಿಪ್ರಾಯ ಹೀಗಿದೆ. ಕಥನಕೌಶಲದಲ್ಲಿ ಕೀಫ್‌ನ ಗ್ರಂಥ ಅಗ್ರಗಣ್ಯವಾದುದು. ಮಾನವಸಹಾನುಭೂತಿಯಲ್ಲಿ ಕಿಂಗ್‌ಸಾಲ್ವರ್ ಅವರ ಕಾದಂಬರಿ. ವಿಚಾರದ ವ್ಯಾಪ್ತಿಯಲ್ಲಿ 'ಡ್ರೀಮ್‌ಲ್ಯಾಂಡ್'. ಸುದ್ದಿಯ ಹೊಸತನದಲ್ಲಿ ವೆಸ್ಟ್‌ಹಾಫ್. ಮೇಸಿಯ ಗ್ರಂಥ ಇವೆಲ್ಲಕ್ಕಿಂತ ಕಲೆಯಲ್ಲಿ ಕಡಿಮೆಯಾದುದು. ಆದರೂ ಸಂಶ್ಲೇಷಿತ ಮದ್ದಿನ ಕಾಲಕ್ಕೆ ತಕ್ಕ ಕಥೆಯ ಆಕಾರವನ್ನು ತಡವರಿಸುತ್ತಲಾದರೂ ಹುಡುಕಿದುದು ಅದೊಂದೇ. ಖಳನೂ ಇಲ್ಲದ, ಗೆಲುವೂ ಇಲ್ಲದ, ದಿನದಿನದ ಆರೈಕೆಯನ್ನು ಓದುಗನು ಬಿಡದೆ ಓದುವಂತೆ ಬರೆಯಬಲ್ಲ ಕೃತಿಕಾರನು ಇನ್ನೂ ಬರಬೇಕಾಗಿದೆ. ಅಂಥವನು ಬರುವ ತನಕ, ಮುದ್ರಿತವಾದ ಪ್ರತಿಯೊಂದು ಅಂಕಿಯನ್ನೂ ಮೂಲಕ್ಕೆ ಹೋಗಿ ನೋಡುವ, ಸುಲಭವಾಗಿ ಮುಗಿಯುವ ಪ್ರತಿಯೊಂದು ಕಥೆಯನ್ನೂ ಸಂಶಯದಿಂದ ಓದುವ ಅಭ್ಯಾಸವನ್ನು ನಮ್ಮ ತರಗತಿಗಳಲ್ಲಿ ಬೆಳೆಸುವುದು ಅಧ್ಯಾಪಕರಾದ ನಮ್ಮ ಪಾಲಿನ ಕರ್ತವ್ಯ.